ಹಳೆಯ ಸಬ್‌ವೂಫರ್ ವ್ಯಾಪಾರ: ವ್ಯಾಟ್‌ಗಿಂತ ವಿಶ್ವಾಸವೇ ಮೇಲು

ಗದಗ-ಬೆಟಗೇರಿ ಅವಳಿ ನಗರದ ಹೆಸರು ಮುದ್ರಣ ಹಾಗೂ ನೇಕಾರಿಕೆಯೊಂದಿಗೆ ಬಹುಕಾಲದಿಂದ ಬೆಸೆದುಕೊಂಡಿದೆ. ಹಳೆಯ ಮುದ್ರಣ ಯಂತ್ರವನ್ನಾಗಲಿ, ಮಗ್ಗವನ್ನಾಗಲಿ ಕೊಳ್ಳುವ ಜಾಣ ಉದ್ಯಮಿ ಅದನ್ನು ನಡೆಸಿ ನೋಡದೆ ಹಣ ಎಣಿಸುವುದಿಲ್ಲ. ಆದರೆ ಕಾರಿನ ಡಿಕ್ಕಿಯಿಂದ ಕಳಚಿ ಬಂದ ಭಾರೀ ಸಬ್‌ವೂಫರ್ ಅನೇಕ ಸಲ ಅದರ ಮೇಲೆ ಮುದ್ರಿತವಾದ ‘1000 ವ್ಯಾಟ್’ ಎಂಬ ಅಂಕಿಯ ಬಲದಿಂದಲೇ ಕೈಬದಲಾಗುತ್ತದೆ. ಈ ವ್ಯಾಪಾರದ ಲಾಭ-ನಷ್ಟಗಳ ಮೂಲ ಇಲ್ಲಿಯೇ ಇದೆ.

ಇಂತಹ ಸರಕು ಮಾರುಕಟ್ಟೆಗೆ ಬರುವ ದಾರಿ ಸರಳವಾದುದು. ಕಾರು ಮಾರುವಾಗ ಸೌಂಡ್ ಸಿಸ್ಟಮ್‌ಗೆ ಪ್ರತ್ಯೇಕ ಬೆಲೆ ಸಿಗದೆಂದು ಮಾಲೀಕರು ಅದನ್ನು ಬಿಚ್ಚಿಡುತ್ತಾರೆ. ಸಂಸಾರ ಬೆಳೆದಂತೆ ಡಿಕ್ಕಿಯ ಜಾಗ ಸಾಮಾನಿಗೆ ಬೇಕಾಗುತ್ತದೆ. ಗಟ್ಟಿಯಾದ ಕೋನ್ ಮತ್ತು ಭಾರವಾದ ಅಯಸ್ಕಾಂತವುಳ್ಳ ಉತ್ತಮ ಸಬ್‌ವೂಫರ್ ಸರಿಯಾಗಿ ಬಳಸಿದಲ್ಲಿ ಅನೇಕ ವರ್ಷ ಬಾಳುವುದರಿಂದ ಅದಕ್ಕೆ ಎರಡನೆಯ ಗ್ರಾಹಕ ದೊರೆಯುವುದು ಸಹಜ.

ಅಂಕಿಯ ಮರ್ಮ

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವುದು ಸಾಮಾನ್ಯವಾಗಿ ಪೀಕ್ ಸಾಮರ್ಥ್ಯ. ಅದು ಕ್ಷಣಮಾತ್ರ ತಾಳಬಲ್ಲ ಮಿತಿ. ನಿರಂತರವಾಗಿ ತಾಳುವ ಸಾಮರ್ಥ್ಯವನ್ನು ಆರ್‌ಎಂಎಸ್ ಅಂಕಿ ತಿಳಿಸುತ್ತದೆ. ಬೆಲೆ ನಿರ್ಧಾರವಾಗಬೇಕಾದುದು ಎರಡನೆಯದರ ಮೇಲೆ. ಆಂಪ್ಲಿಫೈಯರ್‌ನ ಶಕ್ತಿಯನ್ನು 250 ವ್ಯಾಟ್‌ನಿಂದ 500 ವ್ಯಾಟ್‌ಗೆ ಏರಿಸಿದರೂ ಶಬ್ದ ಹೆಚ್ಚುವುದು ಕೇವಲ 3 ಡೆಸಿಬಲ್‌ನಷ್ಟು ಎಂಬುದನ್ನು ಗ್ರಾಹಕರಿಗೆ ತಿಳಿಹೇಳಿದರೆ, ಸಣ್ಣ ಕಾರಿನವರಿಗೆ ಚಿಕ್ಕದಾದರೂ ಸುಸ್ಥಿತಿಯ ಸರಕನ್ನೇ ಮಾರಬಹುದು.

500 ವ್ಯಾಟ್ ಆರ್‌ಎಂಎಸ್ ನೀಡುವ ಆಂಪ್ಲಿಫೈಯರ್ ಪೂರ್ಣ ಭಾರದಲ್ಲಿ 12 ವೋಲ್ಟ್ ವ್ಯವಸ್ಥೆಯಿಂದ ಸುಮಾರು 45 ಆಂಪಿಯರ್ ಎಳೆಯುತ್ತದೆ. ತೆಳುವಾದ ತಂತಿ ಅಷ್ಟನ್ನು ತಾಳದೆ ಬಿಸಿಯೇರಿ ಬೆಂಕಿಯ ಅಪಾಯ ಉಂಟಾದೀತು. ತಕ್ಕ ದಪ್ಪದ ತಾಮ್ರದ ತಂತಿ ಮತ್ತು ಬ್ಯಾಟರಿಯ ಸಮೀಪವೇ ಅಳವಡಿಸಿದ ಫ್ಯೂಸ್ ಇಲ್ಲದೆ ಇಂತಹ ಸರಕನ್ನು ಜೋಡಿಸಬಾರದೆಂದು ಎಚ್ಚರಿಸುವುದು ಮಾರಾಟಗಾರರ ಹೊಣೆ.

ಗ್ರಾಹಕರ ಎದುರಿಗೇ ಪರೀಕ್ಷೆ

ಗದಗಿನಲ್ಲಿ ಕೊಂಡ ಸಬ್‌ವೂಫರ್ ಲಕ್ಷ್ಮೇಶ್ವರದಲ್ಲಿಯೋ, ಶಿರಹಟ್ಟಿ ಅಥವಾ ಮುಂಡರಗಿಯಲ್ಲಿಯೋ ಬೇರೊಬ್ಬ ಮೆಕ್ಯಾನಿಕ್‌ನ ಕೈಯಿಂದ ಕಾರಿಗೆ ಸೇರಬಹುದು. ವಾರದೊಳಗೆ ಕಾಯಿಲ್ ಸುಟ್ಟರೆ ತಪ್ಪು ಸರಕಿನದೋ, ಜೋಡಣೆಯದೋ ಎಂಬ ವಾದ ಆರಂಭವಾಗುತ್ತದೆ. ಸಣ್ಣ ಊರುಗಳಲ್ಲಿ ಇಂತಹ ವಾದ ಅಂಗಡಿಯ ಹೆಸರಿಗೇ ಕುಂದು ತರುತ್ತದೆ. ಇದನ್ನು ತಪ್ಪಿಸುವ ಉಪಾಯವೆಂದರೆ ಅಂಗಡಿಯಲ್ಲಿಯೇ ನಾಲ್ಕು ಪರೀಕ್ಷೆಗಳನ್ನು ಮಾಡಿ ತೋರಿಸುವುದು.

ಮೊದಲು ಮಲ್ಟಿಮೀಟರ್‌ನಿಂದ ಕಾಯಿಲ್ ಅಳೆಯಬೇಕು. 4 ಓಮ್‌ನ ಕಾಯಿಲ್ ಸಾಮಾನ್ಯವಾಗಿ 3ರಿಂದ 4ರ ನಡುವಿನ ಅಂಕಿ ತೋರಿಸುತ್ತದೆ. ಅಂಕಿಯೇ ಬಾರದಿದ್ದರೆ ಕಾಯಿಲ್ ಕಡಿದಿದೆ ಎಂದರ್ಥ. ಎರಡನೆಯದಾಗಿ, ಎರಡೂ ಅಂಗೈಗಳಿಂದ ಕೋನನ್ನು ಸಮವಾಗಿ, ಮೆಲ್ಲಗೆ ಒತ್ತಬೇಕು. ಉಜ್ಜುವ ಸದ್ದು ಬಂದರೆ ಕಾಯಿಲ್ ವಾಲಿದೆ ಅಥವಾ ಸುಟ್ಟು ಉಬ್ಬಿದೆ. ಮೂರನೆಯದಾಗಿ, ಕೋನಿನ ಸುತ್ತಲಿನ ಫೋಮ್ ಅಥವಾ ರಬ್ಬರ್ ಅಂಚಿನಲ್ಲಿ ಬಿರುಕುಗಳಿವೆಯೇ, ಸುಟ್ಟ ವಾಸನೆಯಿದೆಯೇ ಎಂದು ಗಮನಿಸಬೇಕು. ಕೊನೆಯದಾಗಿ, ಕಡಿಮೆ ಧ್ವನಿಯಲ್ಲಿ ಹತ್ತು-ಹದಿನೈದು ನಿಮಿಷ ನುಡಿಸಬೇಕು.

ಎರಡು ಕಾಯಿಲ್‌ಗಳಿರುವ ಸಬ್‌ವೂಫರ್‌ನಲ್ಲಿ ವಿಶೇಷ ಜಾಗರೂಕತೆ ಅಗತ್ಯ. 4 ಓಮ್‌ನ ಎರಡು ಕಾಯಿಲ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್, ಸರಣಿಯಲ್ಲಿ ಜೋಡಿಸಿದರೆ 8 ಓಮ್ ಆಗುತ್ತದೆ. ಕನಿಷ್ಠ 4 ಓಮ್‌ಗೆಂದು ತಯಾರಾದ ಆಂಪ್ಲಿಫೈಯರ್‌ಗೆ 2 ಓಮ್‌ನ ಭಾರ ಕೊಟ್ಟರೆ ಅದು ಕೆಡುವ ಸಂಭವವುಂಟು. ಆದ್ದರಿಂದ ಆರ್‌ಎಂಎಸ್, ಓಮ್, ಸೀರಿಯಲ್ ನಂಬರ್, ರಿಪೇರಿಯಾಗಿದ್ದರೆ ಅದರ ವಿವರ, ಹಿಂದಿರುಗಿಸುವ ಅವಧಿ ಇವಿಷ್ಟನ್ನೂ ಬಿಲ್ಲಿನಲ್ಲಿಯೇ ಬರೆದು ಕೊಡಬೇಕು. ಬೇರೆ ಊರಿನ ಮೆಕ್ಯಾನಿಕ್‌ಗೆ ಆ ಬಿಲ್ಲೇ ದಾರಿ ತೋರಿಸುತ್ತದೆ.

ಖರೀದಿ, ತೆರಿಗೆ, ಕಾನೂನು

ಕೊಳ್ಳುವಾಗ ಮಾರುವವರ ಗುರುತಿನ ಚೀಟಿಯ ಪ್ರತಿ ಮತ್ತು ಸಹಿ ಮಾಡಿದ ಖರೀದಿ ಚೀಟಿ ಪಡೆಯುವುದು ಕ್ಷೇಮ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ಮಾರುವವನಿಗೇ ಇಲ್ಲದ ಹಕ್ಕು ಸಾಮಾನ್ಯವಾಗಿ ಕೊಂಡವನಿಗೂ ಬರುವುದಿಲ್ಲ. ಕಳವಿನದೆಂದು ತಿಳಿದೂ ಅಥವಾ ಹಾಗೆ ನಂಬಲು ಕಾರಣವಿದ್ದೂ ಸ್ವತ್ತನ್ನು ಅಪ್ರಾಮಾಣಿಕವಾಗಿ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ.

ಜಿಎಸ್‌ಟಿ ನೋಂದಣಿಯುಳ್ಳ ಹಳೆಯ ಸರಕಿನ ವರ್ತಕರಿಗೆ 2017ರ ನಿಯಮಾವಳಿಯ 32(5)ನೇ ನಿಯಮ ಅನುಕೂಲಕರವಾಗಿದೆ. ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದೆ, ಸರಕನ್ನು ಇದ್ದಂತೆ ಅಥವಾ ಅದರ ಸ್ವರೂಪ ಬದಲಾಗದಷ್ಟು ಸಣ್ಣ ದುರಸ್ತಿಯೊಂದಿಗೆ ಮಾರಿದಲ್ಲಿ, ಖರೀದಿ ಮತ್ತು ಮಾರಾಟ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ. ಉದಾಹರಣೆಗೆ, 4,000 ರೂಪಾಯಿಗೆ ಕೊಂಡು, ತೆರಿಗೆ ಹೊರತಾಗಿ 6,000 ರೂಪಾಯಿಗೆ ಮಾರಿದರೆ 2,000 ರೂಪಾಯಿಯ ಮೇಲೆ ಶೇ. 18ರಂತೆ 360 ರೂಪಾಯಿ ತೆರಿಗೆಯಾಗುತ್ತದೆ. ಕೋನ್, ಕಾಯಿಲ್‌ಗಳನ್ನೇ ಬದಲಿಸಿದ ಸರಕಿನ ವಿಷಯದಲ್ಲಿ ತೆರಿಗೆ ಸಲಹೆಗಾರರನ್ನು ಕೇಳಿಯೇ ಮುಂದುವರಿಯುವುದು ಒಳಿತು.

2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ವಿಧಿಸಿವೆ. ಅಲ್ಲಿ ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6ರವರೆಗೆ. ಓಣಿಯ ನಿದ್ದೆಗೆಡಿಸುವ ಗ್ರಾಹಕನಿಂದ ಇಡೀ ವ್ಯಾಪಾರಕ್ಕೇ ಅಪಕೀರ್ತಿ ಬರುತ್ತದೆಯಾದ್ದರಿಂದ ಈ ಮಾತನ್ನೂ ಮಾರುವಾಗಲೇ ಹೇಳಬೇಕು.

ಹೊಸ ಸರಕಿಗೆ ಕಂಪನಿಯ ಗ್ಯಾರಂಟಿ ಇರುತ್ತದೆ. ಹಳೆಯ ಸರಕಿಗೆ ಅಂಗಡಿಯವರ ಮಾತೇ ಗ್ಯಾರಂಟಿ. ಹದಿನೈದು ನಿಮಿಷದ ಪರೀಕ್ಷೆ ಹಾಗೂ ನಾಲ್ಕು ಸಾಲಿನ ಬಿಲ್ಲು ಆ ಮಾತಿಗೆ ತೂಕ ಕೊಡುತ್ತವೆ. ಅಂತಹ ತೂಕವಿರುವ ಅಂಗಡಿಗೆ ಮುಂಡರಗಿಯ ಗ್ರಾಹಕ ಮತ್ತೊಮ್ಮೆ ಬರುತ್ತಾನೆ. ಬರುವಾಗ ಜೊತೆಗೊಬ್ಬರನ್ನು ಕರೆತರುತ್ತಾನೆ.