ಇಂಗ್ಲಿಷ್ ಪದದ ಬೇರು ನಮ್ಮ ಬಾಯಲ್ಲೇ ಇದೆ!

ಗೋವಿಂದರಾಜನಗರ: ಮಾಗಡಿ ರಸ್ತೆಯಿಂದ ಚಂದ್ರಾ ಲೇಔಟ್‌ವರೆಗೆ ಒಮ್ಮೆ ನಡೆದು ನೋಡಿ. ದಿನಸಿ ಅಂಗಡಿ ಎಷ್ಟಿವೆಯೋ, ಪರೀಕ್ಷೆಗೆ ತಯಾರು ಮಾಡಿಸುವ ಕೋಚಿಂಗ್ ಬೋರ್ಡುಗಳೂ ಅಷ್ಟೇ ಇವೆಯೇನೋ ಅನ್ನಿಸುತ್ತೆ. ಹಂಪಿನಗರದ ನಗರ ಕೇಂದ್ರ ಗ್ರಂಥಾಲಯದಲ್ಲಿ ಕುರ್ಚಿ ಸಿಕ್ಕರೆ ಪುಣ್ಯ. ಕನ್ನಡದಲ್ಲೇ ಓದಿ ಬಂದ ಹುಡುಗ-ಹುಡುಗಿಯರಿಗೆ ಇತಿಹಾಸ, ಭೂಗೋಳ ಏನೂ ಭಯವಿಲ್ಲ. ಭಯವೆಲ್ಲ ಒಂದೇ, ಇಂಗ್ಲಿಷ್ ಪದ!

ಈ ಭಯ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಪ್ರಶ್ನೆಗಳ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ, ಮುಖ್ಯಮಂತ್ರಿಗಳೇ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ ಆಯಿತು. ಅದರಲ್ಲೂ ತಪ್ಪಿವೆ ಎಂದು ಮತ್ತೆ ಕೂಗೆದ್ದಿತು. ಆಯೋಗ ತನ್ನ ಕನ್ನಡ ಸರಿಮಾಡಿಕೊಳ್ಳಲೇಬೇಕು, ಎರಡು ಮಾತಿಲ್ಲ. ಆದರೆ ಅಲ್ಲಿಯವರೆಗೆ? ಕನ್ನಡದ ಸಾಲು ಅರ್ಥವಾಗದಾಗ ಇಂಗ್ಲಿಷ್ ಸಾಲು ಓದಿಕೊಂಡವನು ಬಚಾವು, ಓದಲಾರದವನು ಬಲಿ.

ಹಾಗಂತ ಡಿಕ್ಷನರಿಯನ್ನು ಬಾಯಿಪಾಠ ಹಾಕಬೇಕೆ? ಬೇಡ ಸ್ವಾಮಿ. ಬೇರು ಹಿಡಿದರೆ ಕೊಂಬೆ ತಾನೇ ಕೈಗೆ ಬರುತ್ತೆ. ಆ ಬೇರುಗಳಲ್ಲಿ ಎಷ್ಟೋ ನಮ್ಮ ಬಾಯಲ್ಲೇ ಇವೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದ ಭಾಷೆಗಳಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತದಲ್ಲಿ ಹೇಳಿದರು. ನಮ್ಮ ಕನ್ನಡ ದ್ರಾವಿಡ ಕುಟುಂಬದ್ದು, ನಿಜ. ಆದರೂ ಸಂಸ್ಕೃತದಿಂದ ಬಂದ ಮಾತು ನಮ್ಮಲ್ಲಿ ಧಾರಾಳವಾಗಿವೆ. ಇಂಗ್ಲಿಷಿನವರೂ ಲ್ಯಾಟಿನ್‌ನಿಂದ ಹಾಗೆಯೇ ಬಾಚಿಕೊಂಡಿದ್ದಾರೆ. ಆದ್ದರಿಂದ ದಂತಕ್ಕೆ ಡೆಂಟಿಸ್ಟ್, ಮಾತೃವಿಗೆ ಮೆಟರ್ನಿಟಿ, ಪಾದಕ್ಕೆ ಪೆಡಲ್ ನೆಂಟರು. ಬ್ಯಾಂಕಿನ ಫಾರಂನಲ್ಲಿ 'ನಾಮಿನಿ' ಅಂತಾರಲ್ಲ, ಅದು ನಮ್ಮ ನಾಮದ ಬಳಗವೇ.

ಗೋಡೆಯ ಕ್ಯಾಲೆಂಡರ್ ನೋಡಿ. ಸಪ್ತ, ಅಷ್ಟ, ನವ, ದಶ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್! ಹಳೇ ರೋಮನ್ನರ ವರ್ಷ ಮಾರ್ಚಿಯಲ್ಲಿ ಶುರುವಾಗುತ್ತಿತ್ತು. ಅದಕ್ಕೇ ಏಳನೆಯದು ಈಗ ಒಂಬತ್ತನೆಯದಾಗಿದೆ.

ಇನ್ನು ನೀವು ದಿನಾ ಹತ್ತುವ ಬಸ್ಸು. ಲ್ಯಾಟಿನ್‌ನಲ್ಲಿ 'ಆಮ್ನಿಬಸ್' ಅಂದರೆ 'ಎಲ್ಲರಿಗೆ'. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಎಲ್ಲರೂ ಹತ್ತಬಹುದಾದ ಕುದುರೆಗಾಡಿಗೆ ಈ ಹೆಸರಿಟ್ಟರು. 1829ರಲ್ಲಿ ಲಂಡನ್ನಿಗೂ ಬಂತು. ಜನ ತಲೆ ಬಿಟ್ಟು ಬಾಲ ಇಟ್ಟುಕೊಂಡರು. 'ಎಲ್ಲರಿಗೆ' ಎಂಬುದರಲ್ಲಿ 'ಗೆ' ಮಾತ್ರ ಉಳಿಸಿಕೊಂಡಂತೆ!

ವ್ಯಾಪಾರಿಗಳೇ, ಈಗ ನಿಮ್ಮ ಸರದಿ. ಅಡಮಾನಕ್ಕೆ 'ಮಾರ್ಟ್‌ಗೇಜ್' ಅಂತಾರೆ. 'ಮಾರ್ಟ್' ಅಂದರೆ ಸಾವು, ನಮ್ಮ ಮರಣ, ಮೃತ್ಯುವಿನ ನಂಟು. ಪೋಸ್ಟ್‌ಮಾರ್ಟಂ, ಮಾರ್ಚುರಿ ಎಲ್ಲ ಅದೇ ಬೇರು. 'ಗೇಜ್' ಅಂದರೆ ಒತ್ತೆ. ಸಾಲ ತೀರಿದರೆ ಒತ್ತೆ ಸತ್ತಿತು, ತೀರದಿದ್ದರೆ ಸಾಲಗಾರನ ಪಾಲಿಗೆ ಆಸ್ತಿಯೇ ಸತ್ತಿತು ಎಂದು ಹಳೇ ಕಾನೂನು ಪಂಡಿತರು ಅರ್ಥ ಹೇಳಿದ್ದರು. ಸಹಿ ಹಾಕುವ ಮುಂಚೆ ನೆನಪಿರಲಿ.

ಗೊಂದಲದ ಜೋಡಿಪದಗಳಿಗೂ ಬೇರೇ ಮದ್ದು. ನೋಟ್‌ಬುಕ್ಕು, ಪೆನ್ನು ಮಾರುವ 'ಸ್ಟೇಷನರಿ' ಒಂದು, ನಿಂತಲ್ಲೇ ನಿಂತ 'ಸ್ಟೇಷನರಿ' ಇನ್ನೊಂದು. ಕೊನೆಯ 'ಆರ್'ಗೆ ಮುಂಚೆ ಅಂಗಡಿಯದಕ್ಕೆ 'ಇ' ಅಕ್ಷರ, ನಿಂತಿದ್ದಕ್ಕೆ 'ಎ' ಅಕ್ಷರ. ಎನ್ವಲಪ್‌ನ 'ಇ' ಅಂತ ಗುರುತಿಟ್ಟುಕೊಳ್ಳಿ, ಸಾಕು. ಎರಡಕ್ಕೂ ಮೂಲ ಒಂದೇ, ನಮ್ಮ ಸ್ಥಾನ, ಸ್ಥಿರ, ಸ್ಥಾವರಗಳ ಬಂಧು. ಹಿಂದೆ ಯೂರೋಪಿನಲ್ಲಿ ಹೊತ್ತು ಮಾರುವವರೇ ಹೆಚ್ಚು. ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರುವವನು 'ಸ್ಟೇಷನರ್' ಆದ. ತಳ್ಳುಗಾಡಿಯವನಿಗೂ ಮಳಿಗೆಯವನಿಗೂ ಇರುವ ವ್ಯತ್ಯಾಸವೇ ಈ ಪದ!

ಸಾಲದ ಅಸಲೂ 'ಪ್ರಿನ್ಸಿಪಲ್', ತತ್ವವೂ 'ಪ್ರಿನ್ಸಿಪಲ್'. ಅಸಲಿನದು 'ಎ, ಎಲ್' ಎಂದು ಮುಗಿಯುತ್ತೆ, ತತ್ವದ್ದು 'ಎಲ್, ಇ' ಎಂದು. ಅಸಲಿಗೆ 'ಎ' ಅಂದುಕೊಂಡರೆ ಮರೆಯುವುದಿಲ್ಲ.

ಒಂದು ಎಚ್ಚರಿಕೆ. ಬೇರೂ ಕೆಲವೊಮ್ಮೆ ಕೈಕೊಡುತ್ತೆ. ಪೆಡೆಸ್ಟ್ರಿಯನ್ ಅಂದರೆ ಪಾದಚಾರಿ. ಹಾಗಂತ ಪೀಡಿಯಾಟ್ರಿಷಿಯನ್ ಕಾಲಿನ ಡಾಕ್ಟರಲ್ಲ, ಮಕ್ಕಳ ಡಾಕ್ಟರು. ಮೊದಲನೆಯದು ಲ್ಯಾಟಿನ್ ಪಾದ, ಎರಡನೆಯದು ಗ್ರೀಕ್ ಮಗು. ಆದ್ದರಿಂದ ಬೇರಿನಿಂದ ಊಹಿಸಿ, ಡಿಕ್ಷನರಿಯಲ್ಲಿ ಖಾತ್ರಿ ಮಾಡಿಕೊಳ್ಳಿ.

2024ರ ಕಾಯ್ದೆ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಬೇಕು. ಕನ್ನಡ ಮೊದಲು ತಪ್ಪಿಲ್ಲದೆ ಬರೆಸಿ. ಉಳಿದ ಭಾಗದಲ್ಲಿ ಇಂಗ್ಲಿಷ್ ಬೇಕಿದ್ದರೆ, ಬೋರ್ಡ್ ಬರೆಯುವವನಿಗೆ ದುಡ್ಡು ಕೊಡುವ ಮುಂಚೆ ಪಕ್ಕದ ಕೋಚಿಂಗ್ ಹುಡುಗನನ್ನು ಕರೆದು ಒಂದು ಕಾಫಿ ಕೊಡಿಸಿ, ಓದಿಸಿ. ಅವನಿಗೂ ಅಭ್ಯಾಸ, ನಿಮಗೂ ಮರ್ಯಾದೆ.