ನೇರಳೆ ಹುಲ್ಲು, ಕೆಂಪು ನೀರು

'ಏಜ್ ಆಫ್ ಎಂಪೈರ್ಸ್ 2' ಬಂದದ್ದು 1999ರಲ್ಲಿ. ಹತ್ತು ವರ್ಷದ ನಂತರ ವಿಂಡೋಸ್ 7 ಹಾಕಿಕೊಂಡು ಅದೇ ಆಟ ತೆರೆದವರಿಗೆ ಹುಲ್ಲು ನೇರಳೆಯಾಗಿ, ನೀರು ಕೆಂಪಾಗಿ ಕಂಡಿತು. ಗ್ರಾಫಿಕ್ಸ್ ಕಾರ್ಡ್ ಸುಟ್ಟುಹೋಯಿತೆಂದೇ ಯಾರಿಗಾದರೂ ಅನ್ನಿಸಬೇಕು. ಕಾರ್ಡಿನದು ಏನೂ ತಪ್ಪಿರಲಿಲ್ಲ. ಆಟ ನಂಬಿಕೊಂಡಿದ್ದದ್ದು ಬರೀ 256 ಬಣ್ಣಗಳ ಪಟ್ಟಿಯನ್ನು. ವಿಂಡೋಸ್‌ನ ಎಕ್ಸ್‌ಪ್ಲೋರರ್ ಆ ಪಟ್ಟಿಯೊಳಗೆ ಕೈಹಾಕಿ ತನ್ನ ಬಣ್ಣ ತುಂಬುತ್ತಿತ್ತು. ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಎಕ್ಸ್‌ಪ್ಲೋರರನ್ನೇ ನಿಲ್ಲಿಸಿದರೆ ಡೆಸ್ಕ್‌ಟಾಪ್ ಮಾಯ, ಹುಲ್ಲು ಹಸಿರು!

2019ರ ಡೆಫಿನಿಟಿವ್ ಎಡಿಷನ್‌ನಲ್ಲಿ ಚಿತ್ರಗಳನ್ನೆಲ್ಲ ಹೊಸದಾಗಿ ಬರೆದರು. ಅಲ್ಲಿ ಆ ತೊಂದರೆಯಿಲ್ಲ.

ವಿಶಾಖಪಟ್ಟಣದಲ್ಲೊಬ್ಬ, ವಿಜಯವಾಡದಲ್ಲೊಬ್ಬ ಕೂತು ಆಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಈಗಲೂ ತೆರೆ ಕೆಟ್ಟರೆ ಮೊದಲು ಸೆಟಿಂಗ್ಸ್ ಮುಟ್ಟಬಾರದು, ಫೋನ್ ಮಾಡಬೇಕು: "ನಿಂಗೂ ಹಿಂಗೇ ಕಾಣ್ತಿದ್ಯಾ?"

ಹೀಗೆ ಕೇಳಲು ಕಾರಣ ಆಟದ ರಚನೆಯಲ್ಲೇ ಇದೆ. ಆಟದ ತಂಡದ ಪಾಲ್ ಬೆಟ್ನರ್, ಮಾರ್ಕ್ ಟೆರಾನೊ 2001ರ ಒಂದು ಪ್ರಬಂಧದಲ್ಲಿ ಒಳಗುಟ್ಟು ಬಿಚ್ಚಿಟ್ಟಿದ್ದಾರೆ. ಅಂದಿನ 28.8 ಮೋಡೆಮ್‌ನಲ್ಲಿ ಸಾವಿರಾರು ಸೈನಿಕರು ಎಲ್ಲೆಲ್ಲಿದ್ದಾರೆಂದು ಕಳಿಸುವುದು ಆಗದ ಮಾತು. ಹಾಗಾಗಿ ತಂತಿಯ ಮೇಲೆ ಹೋಗುವುದು ಆಜ್ಞೆ ಮಾತ್ರ. ಯುದ್ಧದ ಲೆಕ್ಕವನ್ನು ಪ್ರತಿ ಕಂಪ್ಯೂಟರೂ ತಾನೇ ಹಾಕಿಕೊಳ್ಳುತ್ತದೆ. ಬೇರೆಬೇರೆ ಊರಿನ ಇಬ್ಬರು ಜೋಯಿಸರು ಒಂದೇ ಸೂತ್ರ ಹಿಡಿದು ಗ್ರಹಣ ಗುಣಿಸಿದ ಹಾಗೆ. ಒಂದು ಜಿಂಕೆ ಕೂದಲೆಳೆಯಷ್ಟು ಆಚೀಚೆ ನಿಂತರೂ ಸಾಕು, ಕೆಲವು ನಿಮಿಷದಲ್ಲಿ ಒಬ್ಬನ ಬೇಟೆಗಾರನಿಗೆ ಮಾಂಸ ಸಿಕ್ಕಿರುತ್ತದೆ, ಇನ್ನೊಬ್ಬನವನಿಗೆ ಇಲ್ಲ. ಆಮೇಲೆ 'ಔಟ್ ಆಫ್ ಸಿಂಕ್' ಎಂದು ಆಟ ನಿಲ್ಲುತ್ತದೆ. ಅದು ತೆರೆಯ ದೋಷವಲ್ಲ; ಡ್ರೈವರ್ ಬದಲಿಸುತ್ತ ಕೂರುವುದು ದಂಡ.

ಒಬ್ಬನಿಗಷ್ಟೇ ಗೆರೆ, ಚುಕ್ಕಿ ಕಂಡರೆ ದೋಷ ಅವನ ಕಡೆಯದೇ; ಅವನು ಸ್ಕ್ರೀನ್‌ಶಾಟ್ ತೆಗೆದು ಆ ಚಿತ್ರವನ್ನು ಮೊಬೈಲಿನಲ್ಲಿ ನೋಡಲಿ. ಅಲ್ಲಿ ಚಿತ್ರ ಸ್ವಚ್ಛವಾಗಿದ್ದರೆ ಅನುಮಾನ ಕೇಬಲ್, ಮಾನಿಟರ್ ಮೇಲೆ. ಕಡಲ ಉಪ್ಪುಗಾಳಿ ಲೋಹವನ್ನು ತಿನ್ನುವ ವಿಶಾಖಪಟ್ಟಣದಲ್ಲಿ ಪಿನ್ನುಗಳನ್ನು ಒಮ್ಮೆ ನೋಡುವುದು ಒಳ್ಳೆಯದು. ಸ್ಕ್ರೀನ್‌ಶಾಟಿನಲ್ಲೂ ಗೆರೆ ಇದ್ದರೆ ಮಾಡ್‌ಗಳನ್ನು (ಆಟಕ್ಕೆ ಸೇರಿಸಿಕೊಂಡ ಮಾರ್ಪಾಡುಗಳನ್ನು) ತೆಗೆದು, ಸ್ಟೀಮ್‌ನಲ್ಲಿ ಆಟದ ಫೈಲುಗಳನ್ನು ಪರಿಶೀಲಿಸಿ, ಆಮೇಲೆ ಡ್ರೈವರ್. ಅಪ್‌ಡೇಟ್ ಬಂದ ಮರುದಿನ ಕೆಡುವುದು ಹೆಚ್ಚಾಗಿ ಹಳೆಯ ಮಾಡ್‌ಗಳೇ.

ಇನ್ನು ಚಿತ್ರ ತಡವರಿಸುವುದು. ಎಲ್ಲರೂ ನೆಟ್ ಬೈಯುತ್ತಾರೆ. ಎರಡೂ ಊರುಗಳ ನಡುವೆ ರೈಲಿನಲ್ಲಿ ಸುಮಾರು 350 ಕಿ.ಮೀ.; ಫೈಬರ್‌ನೊಳಗಿನ ಬೆಳಕಿಗೆ ಅದು ಎರಡು ಮಿಲಿಸೆಕೆಂಡಿನ ದಾರಿ, ಡೇಟಾ ಬೇರೆ ಊರು ಸುತ್ತಿ ಬಂದರೂ ಆಡಲು ಅಡ್ಡಿಯಿಲ್ಲ. ನಿಜವಾದ ಕಳ್ಳ ಬೇರೆ ಕಡೆ ಇರಬಹುದು. ಎಲ್ಲರೂ ಜೊತೆಯಾಗಿಯೇ ಹೆಜ್ಜೆಯಿಡಬೇಕಾದ್ದರಿಂದ ನಿಧಾನದ ಕಂಪ್ಯೂಟರು ಉಳಿದವರನ್ನೂ ಎಳೆದು ನಿಲ್ಲಿಸುತ್ತದೆ. ಜನ 'ಬ್ಲೇಜ್‌ವಾಡ' ಎಂದು ತಮಾಷೆ ಮಾಡುವ ವಿಜಯವಾಡದ ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಕಾದು ವೇಗ ತಗ್ಗಿಸಿಕೊಂಡಿತೆನ್ನಿ. ತಡವರಿಸುವುದು ವಿಶಾಖಪಟ್ಟಣದ ತೆರೆ. ಇಂಥ ಕಂಪ್ಯೂಟರುಗಳನ್ನು ತಡೆಯಲೆಂದೇ ರ‍್ಯಾಂಕ್ ಪಂದ್ಯಕ್ಕೆ ಮೊದಲು ಬೆಂಚ್‌ಮಾರ್ಕ್ ಪರೀಕ್ಷೆಯಲ್ಲಿ 1000 ಅಂಕ ಪಡೆಯಬೇಕೆಂಬ ನಿಯಮ ತಂದರು. ಡಿಸೆಂಬರಿನ ತಂಪಿನಲ್ಲಿ ಪಾಸಾದ ಲ್ಯಾಪ್‌ಟಾಪನ್ನು ಮೇ ಮಧ್ಯಾಹ್ನ ಇನ್ನೊಮ್ಮೆ ಪರೀಕ್ಷೆಗೆ ಕೂರಿಸಬೇಕು.