ಪಾಕೀಟಿನಲ್ಲಿದ್ದ ಚೀಟಿ

1863. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಮ್ಯಾಸಚೂಸೆಟ್ಸ್ ರಾಜ್ಯದ ಬಂದರು ಪಟ್ಟಣ ನ್ಯೂ ಬೆಡ್‌ಫರ್ಡ್‌ನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸಭೆ ಸೇರಿತ್ತು. ಅಧ್ಯಕ್ಷತೆ ವಹಿಸಿ ಎಂದು ಜನ ಕೂಗಿ ಕರೆದದ್ದು ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಸೇನಾ ಎಂಜಿನಿಯರನ್ನು. ಕೋಟೆ ಕಟ್ಟುವ ವಿದ್ಯೆ ಬಲ್ಲ ಅವರಿಗೆ ಸಭೆ ನಡೆಸುವ ವಿದ್ಯೆ ಗೊತ್ತಿರಲಿಲ್ಲ. ಒಲ್ಲೆ ಎನ್ನಲಾರದೆ ಹೋಗಿ ಕುರ್ಚಿಯಲ್ಲಿ ಕೂತರು. ಯಾರಿಗೆ ಮಾತು ಕೊಡಬೇಕು, ಯಾವ ಸೂಚನೆಯನ್ನು ಮೊದಲು ಎತ್ತಿಕೊಳ್ಳಬೇಕು ಎಂಬುದು ತಿಳಿಯದೆ ಪಟ್ಟ ನಾಚಿಕೆ ಅವರನ್ನು ಬಿಡಲಿಲ್ಲ. ಸಭೆಯ ನಿಯಮ ಒಂದಿಷ್ಟಾದರೂ ಕಲಿಯದೆ ಇನ್ನೊಂದು ಸಭೆಗೆ ಕಾಲಿಡುವುದಿಲ್ಲ ಎಂದು ಅಂದೇ ನಿಶ್ಚಯಿಸಿಕೊಂಡರು.

ಆಮೇಲೆ ಯಾವುದೋ ಪುಸ್ತಕದಲ್ಲಿ ಈ ವಿಷಯದ ಬಗ್ಗೆ ನಾಲ್ಕಾರು ಪುಟ ಸಿಕ್ಕವು. ಮುಖ್ಯವಾದ ಅಂಶಗಳನ್ನು ಒಂದು ಚೀಟಿಯಲ್ಲಿ ಬರೆದು ಪಾಕೀಟಿಗೆ ಸೇರಿಸಿದರು. ವರ್ಷಗಟ್ಟಲೆ ಅದು ಅಲ್ಲೇ ಇತ್ತು.

ಚೀಟಿ ಸಾಲದು ಎಂದು ತಿಳಿದದ್ದು 1867ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ವರ್ಗವಾದಾಗ. ಚಿನ್ನ ಹುಡುಕುತ್ತ ಬಂದವರಿಂದ ಬೆಳೆದ ಊರು ಅದು; ದೇಶದ ಮೂಲೆಮೂಲೆಯ ಜನ ಅಲ್ಲಿದ್ದರು. ಸಭೆ ಹೇಗೆ ನಡೆಯಬೇಕು ಎಂಬ ಬಗ್ಗೆ ಒಬ್ಬೊಬ್ಬರಿಗೆ ಒಂದೊಂದು ಊರಿನ ಕ್ರಮವೇ ಸರಿ. ಹೀಗಾಗಿ ವಿಷಯಕ್ಕಿಂತ ಮೊದಲು ವಿಧಾನದ ಮೇಲೆ ಜಗಳ. ಇದನ್ನು ಕೆಟ್ಟ ಜನರ ಕಿತ್ತಾಟ ಎಂದು ರಾಬರ್ಟ್ ತಳ್ಳಿಹಾಕದೆ, ಎಲ್ಲರೂ ಒಪ್ಪುವ ಒಂದು ಪದ್ಧತಿ ಇಲ್ಲದಿರುವುದೇ ಕಾರಣ ಎಂದು ಕಂಡುಕೊಂಡರು. ಅವರ ದೊಡ್ಡತನ ಇರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಥಾಮಸ್ ಜೆಫರ್ಸನ್ 1801ರಲ್ಲಿ ಸೆನೆಟ್‌ಗಾಗಿ ಸಿದ್ಧಪಡಿಸಿದ ಕೈಪಿಡಿ ಇತ್ತು, ಲೂಥರ್ ಕುಶಿಂಗ್ ಬರೆದದ್ದಿತ್ತು. ಅವೆರಡೂ ಎಲ್ಲ ಕಡೆ ಹೊಂದುತ್ತಿರಲಿಲ್ಲ. ಸಣ್ಣ ಸಂಘಗಳಿಗೆ ಸುಲಭವಾಗಿ ಕೈಗೆ ಸಿಗುವಂಥದ್ದು ಬೇಕಿತ್ತು.

1874ರ ಚಳಿಗಾಲ. ಆಗ ಅವರಿದ್ದದ್ದು ಮಿಲ್ವಾಕಿಯಲ್ಲಿ. ಊರಿನ ಮಗ್ಗುಲ ಸರೋವರ ಹೆಪ್ಪುಗಟ್ಟಿ ಬಂದರಿನ ಕೆಲಸ ನಿಂತುಹೋಯಿತು. ಸಿಕ್ಕ ಬಿಡುವಿನಲ್ಲಿ ನಿಯಮಗಳನ್ನು ಬರೆಯುತ್ತ ಕೂತರು. ಸಭೆಗಳನ್ನು ಕಂಡೇ ಇಲ್ಲದವರಿಗೂ ತಿಳಿಯುವಂತೆ ಎರಡನೆಯದೊಂದು ಭಾಗ ಇರಲಿ ಎಂದವರು ಪತ್ನಿ ಹೆಲೆನ್. ಹೆಲೆನ್ ಹೇಳದಿದ್ದರೆ ಇದು ಬಲ್ಲವರು ಬಲ್ಲವರಿಗಾಗಿ ಬರೆದ ಪುಸ್ತಕವಾಗಿಯೇ ಉಳಿಯುತ್ತಿತ್ತು. 1876ರ ಫೆಬ್ರುವರಿಯಲ್ಲಿ ಷಿಕಾಗೋದ ಗ್ರಿಗ್ಸ್ ಪ್ರಕಾಶನದ ಹೆಸರಿನಲ್ಲಿ, ಖರ್ಚೆಲ್ಲ ಲೇಖಕರದೇ ಎಂಬ ಕರಾರಿನ ಮೇಲೆ 176 ಪುಟಗಳ ಪುಸ್ತಕ ಹೊರಬಂತು. ಅಚ್ಚಾದದ್ದು 4,000 ಪ್ರತಿ. ಎರಡು ವರ್ಷಕ್ಕೆ ಸಾಕೆಂದುಕೊಂಡದ್ದು ನಾಲ್ಕೇ ತಿಂಗಳಲ್ಲಿ ಮುಗಿಯಿತು. ‘ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್’ ಎಂದು ಇಂದಿಗೂ ಮರುಮುದ್ರಣವಾಗುತ್ತಿರುವುದು ಅದೇ.

ಆ ಪುಸ್ತಕದ ಪ್ರಕಾರ ಒಬ್ಬ ಸದಸ್ಯ ಒಂದು ವಿಷಯದ ಮೇಲೆ ಎರಡು ಸಲ ಮಾತಾಡಬಹುದು, ಒಂದು ಸಲಕ್ಕೆ ಹತ್ತು ನಿಮಿಷ. ಆದರೆ ಇನ್ನೂ ಬಾಯಿ ತೆರೆಯದವರು ಕೈ ಎತ್ತಿರುವಾಗ ಎರಡನೆಯ ಸರದಿ ಇಲ್ಲ. ಚರ್ಚೆಯನ್ನು ಅರ್ಧಕ್ಕೆ ಮುಚ್ಚಬೇಕಾದರೆ ಬರಿಯ ಬಹುಮತ ಸಾಲದು, ಮೂರನೇ ಎರಡರಷ್ಟು ಮತ ಬೇಕು. ಮಾತೆಲ್ಲ ಅಧ್ಯಕ್ಷರ ಕಡೆಗೇ. ಎದುರಾಳಿಯ ಹೆಸರು ಹಿಡಿದು ಕೂಗುವಂತಿಲ್ಲ, ‘ಈಗ ತಾನೇ ಮಾತಾಡಿದ ಸದಸ್ಯರು’ ಎನ್ನಬೇಕು. ಠರಾವನ್ನು ಎಷ್ಟು ಕಟುವಾಗಿ ಬೇಕಾದರೂ ಖಂಡಿಸಿ. ಅದನ್ನು ತಂದವರ ಮನಸ್ಸಿನಲ್ಲಿ ಏನೋ ಇದೆ ಎಂದು ಮಾತ್ರ ಹೇಳಬೇಡಿ.

ಕೊನೆಯದು ರಾಬರ್ಟ್ ಸೃಷ್ಟಿಯಲ್ಲ. ವಿಷಯ ಬಿಟ್ಟು ವ್ಯಕ್ತಿಯ ಮೇಲೆ ಬೀಳುವವರನ್ನು ಸಭಾಧ್ಯಕ್ಷರು ತಡೆಯಬೇಕೆಂದು ಇಂಗ್ಲೆಂಡಿನ ಕೆಳಮನೆ 1604ರಷ್ಟು ಹಿಂದೆಯೇ ದಾಖಲಿಸಿತ್ತು. ಅದೇ ಬೇರಿನ ಇನ್ನೊಂದು ಟಿಸಿಲು ನಮ್ಮಲ್ಲಿದೆ: ಇತರ ಸದಸ್ಯರಿಗೆ ದುರುದ್ದೇಶ ಆರೋಪಿಸಬಾರದೆನ್ನುವ ಲೋಕಸಭೆಯ 352ನೇ ನಿಯಮ. ವಿಧಾನಸೌಧದಲ್ಲಿ ಎಷ್ಟೇ ಸಿಟ್ಟು ಬಂದರೂ ‘ಮಾನ್ಯ ಸಭಾಧ್ಯಕ್ಷರೇ’ ಎಂದೇ ಶುರುಮಾಡುವುದು ಮಾತೆಲ್ಲ ಅಧ್ಯಕ್ಷರ ಕಡೆಗೇ ಎಂಬ ಕ್ರಮದಂತೆಯೇ. ಆ ಒಂದು ಸಂಬೋಧನೆಯಿಂದ ಮಾತು ಸುತ್ತುಬಳಸಿ ಎದುರಾಳಿಯನ್ನು ತಲುಪುತ್ತದೆ. ದಾರಿಯಲ್ಲಿ ಕಾವು ಒಂದಿಷ್ಟು ಇಳಿಯುತ್ತದೆ.

ಆದರೆ ಆಡಬಾರದ್ದನ್ನು ಆಡಿದಾಗ ಏನು ಮಾಡಬೇಕು? ನಮ್ಮ ಸದನಗಳಲ್ಲಿ ‘ಕಡತದಿಂದ ತೆಗೆಯಿರಿ’ ಎನ್ನುತ್ತಾರೆ. ರಾಬರ್ಟ್ ಪುಸ್ತಕದಲ್ಲಿ ಇದಕ್ಕೆ ನೇರ ವಿರುದ್ಧವಾದ ಕ್ರಮವಿದೆ. ಆಕ್ಷೇಪಿಸುವವರು ಅಥವಾ ಗುಮಾಸ್ತರು ಆ ಮಾತನ್ನು ಬರೆದುಕೊಂಡು, ಆಡಿದವರಿಗೆ ಓದಿ ಹೇಳಬೇಕು. ನಾನು ಹಾಗೆ ಹೇಳಲೇ ಇಲ್ಲ ಎಂದರೆ ಸಭೆಯೇ ಮತ ಹಾಕಿ ತೀರ್ಮಾನಿಸುತ್ತದೆ. ನನಗೆ ಇದು ಹೆಚ್ಚು ಮಾನವೀಯವಾಗಿ ಕಾಣುತ್ತದೆ. ರೊಚ್ಚಿನಲ್ಲಿ ಆಡಿದ್ದನ್ನು ಇನ್ನೊಬ್ಬರ ದನಿಯಲ್ಲಿ, ನಿಧಾನವಾಗಿ ಕೇಳಿಸಿಕೊಂಡಾಗ, ನಾನು ಹೀಗೆ ಅಂದೆನೇ ಎಂದು ತಿರುಗಿ ನೋಡಿಕೊಳ್ಳಲು ಒಂದು ಕ್ಷಣ ಸಿಗುತ್ತದೆ.

ಸಭೆ ನಡೆಸುವ ಈ ಪದ್ಧತಿಯನ್ನು ಅಮೆರಿಕದ ಮಹಿಳಾ ಸಂಘಗಳು ಮನಸ್ಸಿಟ್ಟು ಕಲಿತವು. ಸ್ತ್ರೀಯರ ಸಭೆಗಳಿಗೆಂದೇ ಹ್ಯಾರಿಯೆಟ್ ಶಾಟಕ್ 1891ರಲ್ಲಿ ಕೈಪಿಡಿ ಬರೆದರು. ದೇಶದಾದ್ಯಂತ ಮಹಿಳೆಯರಿಗೆ ಮತದಾನದ ಹಕ್ಕನ್ನು ಸಂವಿಧಾನ ಕೊಟ್ಟದ್ದು 1920ರಲ್ಲಿ. ಠರಾವು ಮಂಡಿಸುವುದು, ಅನುಮೋದಿಸುವುದು, ಎದ್ದುನಿಂತು ವಿರೋಧಿಸುವುದು ಅವರಿಗೆ ಅಷ್ಟರೊಳಗೆ ರೂಢಿಯಾಗಿತ್ತು.

ಇದನ್ನೆಲ್ಲ ಓದುವಾಗ ನಮ್ಮೂರಿನ ಹಾಲು ಡೇರಿಯ ವಾರ್ಷಿಕ ಮಹಾಸಭೆಯೊಂದು ಕಣ್ಣಮುಂದೆ ಬಂತು. ಮುಂದಿನ ಸಾಲಿನ ನಾಲ್ಕೈದು ಗಂಡಸರು ಗಂಟೆಗಟ್ಟಲೆ ಮಾತಾಡಿ ಮೈಕಿಗಾಗಿ ಮತ್ತೆ ಕೈ ಚಾಚಿದ್ದರು. ಅಧ್ಯಕ್ಷರು ಕೊಡಲಿಲ್ಲ. “ಇನ್ನೂ ಮಾತಾಡದೋರು ಯಾರಾದ್ರೂ ಇದೀರಾ?” ಎಂದು ಹಿಂದಕ್ಕೆ ನೋಡಿದರು. ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಆಮೇಲೆ ಕಂಬಕ್ಕೆ ಒರಗಿ ಕೂತಿದ್ದ ಹೆಂಗಸೊಬ್ಬರು ಸೆರಗು ಸರಿಮಾಡಿಕೊಂಡು ಎದ್ದು, “ಅಧ್ಯಕ್ಷರೇ, ಅದೇ ಹಸು, ಅದೇ ಮೇವು. ಫ್ಯಾಟ್ ಕಮ್ಮಿ ಅಂತ ದುಡ್ಡು ಹಿಡೀತೀರಲ್ಲ, ಅಳೆಯೋವಾಗ ನಮಗೂ ತೋರಿಸಿ” ಎಂದರು. ಮುಂದಿನ ಸಾಲಿನವರೂ ತಿರುಗಿ ನೋಡಿದರು. ಕಾರ್ಯದರ್ಶಿ ನಡಾವಳಿ ಪುಸ್ತಕದಲ್ಲಿ ಅವರ ಹೆಸರು ಬರೆದುಕೊಂಡರು.